ಟರ್ಬೋ ಗಾಡಿಗೆ ಗಟ್ಟಿ ಆಯಿಲ್ ಹಾಕ್ಸೋ ಮುಂಚೆ ಇದನ್ನ ಕೇಳಿ

ಎಲ್ರಿಗೂ ನಮಸ್ಕಾರ. ಇವತ್ತಿಂದು ಜಗಳ ಆಗೋ ಟಾಪಿಕ್ಕು, ಗೊತ್ತಿದ್ದೇ ಕೈ ಹಾಕ್ತಿದೀನಿ. ಬೆಂಗಳೂರಲ್ಲಿ ಟರ್ಬೋ (ಇಂಜಿನ್ ಹೊಗೆಯ ರಭಸಕ್ಕೆ ತಿರುಗಿ ಒಳಗೆ ಹೆಚ್ಚು ಗಾಳಿ ತುಂಬೋ ಫ್ಯಾನು) ಇರೋ ಪೆಟ್ರೋಲ್ ಕಾರು ಇಟ್ಕೊಂಡಿರೋರು, ಪೋಲೋ ಟಿಎಸ್‌ಐ ಇರ್ಲಿ, ವರ್ಟಸ್ ಜಿಟಿ ಇರ್ಲಿ, ಆಕ್ಟೇವಿಯಾ ಆರ್‌ಎಸ್ ಇರ್ಲಿ, ಒಂದು ರಿಮ್ಯಾಪ್ (ಜಾಸ್ತಿ ಪವರ್‌ಗೆ ಇಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಾಯಿಸೋದು) ಮಾಡಿಸಿದ್ರೋ ಇಲ್ವೋ ಯಾರಾದ್ರೂ ಬಂದು ಹೇಳೇ ಹೇಳ್ತಾರೆ, "ಸರ್, ಈ ನೀರಿನ ಥರ ಇರೋ ಆಯಿಲ್ ನಮ್ಮೂರ ಬಿಸಿಲಿಗೆ ತಡ್ಕೊಳಲ್ಲ, 20ಡಬ್ಲ್ಯೂ-50 ಹಾಕ್ಸಿಬಿಡಿ, ಇಂಜಿನ್ ಸೌಂಡೇ ಕಮ್ಮಿ ಆಗತ್ತೆ".

20ಡಬ್ಲ್ಯೂ-50 ಅನ್ನೋದು ಇಂಜಿನ್ ಆಯಿಲ್ ದಪ್ಪದ ಗ್ರೇಡು, ಮೊದಲ ನಂಬರ್ ಚಳೀಲಿ, ಎರಡನೇದು ಬಿಸೀಲಿ, ನಂಬರ್ ಜಾಸ್ತಿ ಆದಷ್ಟೂ ದಪ್ಪ. ಸೌಂಡ್ ಕಮ್ಮಿ ಆಗತ್ತೆ, ಒಪ್ಕೋತೀನಿ. ಆದ್ರೆ ಬಿಸಿಲಿನ ಮಾತು ಶುದ್ಧ ಸುಳ್ಳು ರೀ. ಹೊರಗಡೆ 20 ಡಿಗ್ರಿ ಇರ್ಲಿ 36 ಇರ್ಲಿ, ಥರ್ಮೋಸ್ಟಾಟ್ ಕೂಲೆಂಟನ್ನ, ಅಂದ್ರೆ ಇಂಜಿನ್ ತಣಿಸೋ ನೀರನ್ನ, 90ರ ಆಸುಪಾಸಲ್ಲೇ ಹಿಡಿದಿಟ್ಕೊಳತ್ತೆ, ಆಯಿಲ್ ಅದಕ್ಕಿಂತ ಸ್ವಲ್ಪ ಮೇಲೆ ಓಡ್ತಿರತ್ತೆ. ನಮ್ಮೂರಲ್ಲಿ ಆಯಿಲ್ ಹಾಳು ಮಾಡೋದು ಬಿಸಿಲಲ್ಲ, ಟ್ರಾಫಿಕ್ಕು.

ಹೇಗೆ ಅಂತೀರಾ? ಈಗಿನ ಟರ್ಬೋ ಪೆಟ್ರೋಲ್ ಬಹಳಷ್ಟು ಡೈರೆಕ್ಟ್ ಇಂಜೆಕ್ಷನ್ನು. ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೇ ಸ್ಪ್ರೇ ಆಗತ್ತೆ, ಇಂಜಿನ್ ತಣ್ಣಗಿದ್ದಾಗ ಅದ್ರಲ್ಲಿ ಒಂಚೂರು ಗೋಡೆಗೆ ಅಂಟ್ಕೊಂಡು, ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದು ಆಯಿಲ್ ಜೊತೆ ಸೇರ್ಕೊಳತ್ತೆ. ಆಯಿಲ್ ಚೆನ್ನಾಗಿ ಬಿಸಿ ಆದ್ರೆ ಆ ಪೆಟ್ರೋಲ್ ಆವಿ ಆಗಿ ಹೋಗತ್ತೆ, ಸರಿ. ಆದ್ರೆ ನೀವು ಜಯನಗರದಿಂದ ಕೋರಮಂಗಲಕ್ಕೆ ಹೋಗಿ ಆಫ್ ಮಾಡಿ, ಸಂಜೆ ಮತ್ತೆ ತಣ್ಣಗೆ ಸ್ಟಾರ್ಟ್ ಮಾಡಿ, ಸಿಲ್ಕ್ ಬೋರ್ಡಲ್ಲಿ ನಿಂತು ನಿಂತು ಮನೆಗೆ ಬಂದ್ರೆ ಅದು ಆವಿ ಆಗೋದು ಯಾವಾಗ? ಕೂಲೆಂಟ್ ಸೂಜಿ ಮಧ್ಯಕ್ಕೆ ಬಂದ್ರೂ ಆಯಿಲ್ ಇನ್ನೂ ಹಿಂದೇ ಇರತ್ತೆ, ಅದು ಬಿಸಿ ಆಗೋದು ನಿಧಾನ. ಹಿಂಗೇ ತಿಂಗಳುಗಟ್ಟಲೆ ಓಡಿದ್ರೆ ಡಬ್ಬದ ಮೇಲೆ 40 ಅಂತ ಇದ್ದಿದ್ದು ಒಳಗಡೆ 30ರ ಲೆವೆಲ್‌ಗೆ ಇಳಿದಿರತ್ತೆ.

ಅದಕ್ಕೇ ತಾನೇ ಇನ್ನೂ ಗಟ್ಟಿ ಹಾಕ್ಬೇಕು ಅಂತ ಈಗ ನೀವು ಕೇಳ್ತೀರ. ಇಲ್ಲೇ ಎಲ್ರೂ ಎಡವೋದು. ಟರ್ಬೋ ಶಾಫ್ಟು ಜೋರಾಗಿ ಓಡ್ಸುವಾಗ ಲಕ್ಷ, ಎರಡು ಲಕ್ಷ ಆರ್‌ಪಿಎಂ ತಿರುಗತ್ತೆ, ಹೆಚ್ಚಿನ ಟರ್ಬೋಗಳಲ್ಲಿ ಅದಕ್ಕೆ ಆಧಾರ ಅಂತ ಇರೋದು ತೆಳ್ಳಗಿನ ಆಯಿಲ್ ಪದರ ಒಂದೇ. ಆ ಜಾಗದಲ್ಲಿ ಲೆಕ್ಕಕ್ಕೆ ಬರೋದು ಎಚ್‌ಟಿಎಚ್‌ಎಸ್ ಅಂತ ಒಂದು ನಂಬರ್, 150 ಡಿಗ್ರಿ ಬಿಸೀಲಿ, ಜೋರು ತಿಕ್ಕಾಟದಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯತ್ತೆ ಅನ್ನೋದು. ಇದು ಡಬ್ಬದ ಮುಂದುಗಡೆ ಇರಲ್ಲ. 5ಡಬ್ಲ್ಯೂ-30 ಅಂತ ಕರೆಸ್ಕೊಳಕ್ಕೆ ಕನಿಷ್ಠ 2.9 ಸಾಕು. ಆದ್ರೆ ಅದೇ 5ಡಬ್ಲ್ಯೂ-30 ಡಬ್ಬದ ಹಿಂದೆ ಎಸಿಇಎ ಸಿ3 (ಯುರೋಪಿನ ಕಾರು ಕಂಪನಿಗಳ ಆಯಿಲ್ ಮಾನದಂಡ) ಅಂತಲೋ ಫೋಕ್ಸ್‌ವ್ಯಾಗನ್ 504 00 ಅಪ್ರೂವಲ್ ಅಂತಲೋ ಇದ್ರೆ ಅದು ಕನಿಷ್ಠ 3.5 ಇರ್ಲೇಬೇಕು, ಅಂದ್ರೆ 5ಡಬ್ಲ್ಯೂ-40ಗೆ ಇರೋ ಕನಿಷ್ಠ ಮಟ್ಟಾನೇ. ಡಬ್ಬದ ಮುಂದಿರೋ ನಂಬರ್ ಒಂದೇ, ಒಳಗಿನ ಆಯಿಲ್ ಬೇರೆ. ಇದನ್ನ ಬಿಟ್ಟು 30ಆ 40ಆ ಅಂತ ಕಿತ್ತಾಡೋದು ಟೈಮ್ ವೇಸ್ಟು. 100 ಡಿಗ್ರೀಲಿ 30 ಗ್ರೇಡ್ ಮುಗಿಯೋದೇ 12.5 ಸೆಂಟಿಸ್ಟೋಕ್ಸ್‌ಗೆ (ಆಯಿಲ್ ದಪ್ಪದ ಅಳತೆ), 40 ಗ್ರೇಡ್ ಶುರು ಆಗೋದೂ ಅಲ್ಲೇ, ಕೆಲವು 30ಕ್ಕೂ ಕೆಲವು 40ಕ್ಕೂ ಏನೂ ದೊಡ್ಡ ವ್ಯತ್ಯಾಸ ಇರಲ್ಲ.

ಇನ್ನು ಆ 20ಡಬ್ಲ್ಯೂ-50. ಡಿಸೆಂಬರ್ ಬೆಳಗ್ಗೆ ಬಾಟ್ಲಿ ಒಳಗೆ ಕೊಬ್ಬರಿ ಎಣ್ಣೆ ಗಟ್ಟಿ ಆಗಿರೋದು ನೋಡಿದೀರಲ್ಲ, ಅಷ್ಟಲ್ಲದಿದ್ರೂ ಆ ಜಾತಿಯದ್ದೇ ಸಮಸ್ಯೆ. 40 ಡಿಗ್ರೀಲೇ ಅದು 5ಡಬ್ಲ್ಯೂ-30ರ ಎರಡು ಪಟ್ಟು ದಪ್ಪ, 15 ಡಿಗ್ರಿ ಬೆಳಗ್ಗೆ ಅಂತೂ ಕೇಳ್ಬೇಡಿ. ಟರ್ಬೋಗೆ ಆಯಿಲ್ ತಲುಪೋದು ಲೇಟು, ಆಯಿಲ್ ಪ್ರೆಶರ್ ಮೇಲೆ ನಡ್ಯೋ ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆಯೋ ಹೊತ್ತು ಹೊಂದ್ಸೋದು) ನಿಧಾನ, ಪಂಪ್ ಮೇಲೆ ಲೋಡು. ಪ್ರೆಶರ್ ಗೇಜಲ್ಲಿ ನಂಬರ್ ಮಾತ್ರ ಚೆನ್ನಾಗಿ ಕಾಣತ್ತೆ, ಯಾಕಂದ್ರೆ ಆಯಿಲ್ ಸರಾಗ ಹರೀದೇ ಇದ್ರೂ ಪ್ರೆಶರ್ ಜಾಸ್ತಿ ತೋರ್ಸತ್ತೆ! ಇನ್ನೊಬ್ರು ಬಂದು ಬಿಎಂಡಬ್ಲ್ಯೂ ಎಂ3ಗೇ 10ಡಬ್ಲ್ಯೂ-60 ಹಾಕ್ತಾರೆ ಗುರೂ ಅಂತಾರೆ, ಹೌದಪ್ಪ, ಆದ್ರೆ ಅದು ಇ46 ಅನ್ನೋ ಹಳೇ ಎಂ3, ಟರ್ಬೋನೇ ಇಲ್ಲದ, 8000 ಆರ್‌ಪಿಎಂ ತಿರುಗೋ ಇಂಜಿನ್ನು. ಟರ್ಬೋ ಲೆಕ್ಕಕ್ಕೇ ಬನ್ನಿ, ನಿಸ್ಸಾನ್ ಜಿಟಿ-ಆರ್‌ಗೆ ಹೇಳಿರೋದು 0ಡಬ್ಲ್ಯೂ-40, ಅಮೆರಿಕದಲ್ಲಿ ಮಾರಿದ ಸಿವಿಕ್ ಟೈಪ್ ಆರ್ ಟರ್ಬೋಗೆ 0ಡಬ್ಲ್ಯೂ-20. ಎರಡೂ ಹುಡುಗಾಟದ ಗಾಡಿ ಅಲ್ಲ. ಬೇರಿಂಗ್ ಗ್ಯಾಪ್ ಬೇರೆ, ಪಂಪ್ ಬೇರೆ, ಆಯಿಲ್ ಬೇರೆ, ಅಷ್ಟೇ.

ನನ್ ಲೆಕ್ಕ ಇದು. ಗಾಡಿ ಸ್ಟಾಕ್ ಇದ್ರೆ, ಅಂದ್ರೆ ಕಂಪನಿಯಿಂದ ಬಂದ ಹಾಗೇ ಇದ್ರೆ, ಮ್ಯಾನ್ಯುಯಲ್‌ನಲ್ಲಿರೋ ಅಪ್ರೂವಲ್ ನಂಬರ್ ಡಬ್ಬದ ಹಿಂದೆ ಇದ್ಯಾ ನೋಡಿ ತಗೊಳಿ, ಬ್ರ್ಯಾಂಡ್ ಯಾವ್ದಾದ್ರೂ ಇರ್ಲಿ. ರಿಮ್ಯಾಪ್ ಆಗಿದ್ದು, ಮ್ಯಾನ್ಯುಯಲ್ ಒಪ್ಪಿದ್ರೆ, ಎಚ್‌ಟಿಎಚ್‌ಎಸ್ 3.5 ಮೇಲಿರೋ ಫುಲ್ ಸಿಂಥೆಟಿಕ್ 5ಡಬ್ಲ್ಯೂ-40 ಅಥವಾ 0ಡಬ್ಲ್ಯೂ-40, ಪೆಟ್ರೋಲ್ ಸೇರಿ ತೆಳು ಆದ್ರೂ ಸ್ವಲ್ಪ ಬಾಕಿ ಉಳಿಯತ್ತೆ. 50ಕ್ಕೆ ಹೋಗೋದು ಕೊಯಮತ್ತೂರು, ಚೆನ್ನೈ ಟ್ರ್ಯಾಕಲ್ಲಿ ದಿನವಿಡೀ ಓಡಿಸಿ ಆಯಿಲ್ ಟೆಂಪರೇಚರ್ 130 ದಾಟ್ತಿರೋದನ್ನ ಕಣ್ಣಾರೆ ನೋಡಿದೋರು ಮಾತ್ರ. ಡಬ್ಬದ ಮೇಲೆ ಎಪಿಐ ಎಸ್‌ಪಿ (ಅಮೆರಿಕದ ಆಯಿಲ್ ಗುಣಮಟ್ಟದ ಗುರುತು) ಇದ್ಯಾ ಅದನ್ನೂ ನೋಡಿ, 2020ರಲ್ಲಿ ಬಂದಿದ್ದು, ಕಮ್ಮಿ ಆರ್‌ಪಿಎಂನಲ್ಲಿ ಬೂಸ್ಟ್ (ಟರ್ಬೋ ತುಂಬೋ ಗಾಳಿಯ ಒತ್ತಡ) ಏರಿದಾಗ ಪೆಟ್ರೋಲ್ ಟೈಮಿಗೆ ಮುಂಚೆನೇ ಹೊತ್ಕೊಂಡು ಪಿಸ್ಟನ್ ಒಡ್ಯೋದನ್ನ ತಡ್ಯೋಕೆ ಅದ್ರಲ್ಲಿ ಟೆಸ್ಟ್ ಇದೆ. ಹಂಗಂತ ಐದನೇ ಗೇರಲ್ಲಿ 1300 ಆರ್‌ಪಿಎಂನಲ್ಲಿ ಆಕ್ಸಿಲೇಟರ್ ಪೂರ್ತಿ ಒತ್ತಬೇಡಿ ಮಾರಾಯ್ರೆ, ಡೌನ್‌ಶಿಫ್ಟ್ ಮಾಡಿ.

ಆಮೇಲೆ ಆಯಿಲ್ ಚೇಂಜಿಗೆ ಬರೀ ಕಿಲೋಮೀಟರ್ ಲೆಕ್ಕ ನೋಡ್ಬೇಡಿ. ಗಂಟೆಗೆ 20ರ ಆವರೇಜಲ್ಲಿ 10,000 ಕಿಲೋಮೀಟರ್ ಅಂದ್ರೆ ಇಂಜಿನ್ 500 ಗಂಟೆ ಓಡಿದೆ, ಅದೇ ದೂರ ಹೈವೇಲಿ 80ರಲ್ಲಿ ಹೋದ್ರೆ 125 ಗಂಟೆ ಅಷ್ಟೇ. ನಾನಾದ್ರೆ ಊರೊಳಗೇ ಓಡೋ ಗಾಡಿಗೆ 5,000ಕ್ಕೆ ಇಲ್ಲಾ ಆರು ತಿಂಗಳಿಗೆ ಚೇಂಜ್ ಮಾಡಿಸ್ತೀನಿ, ದುಬಾರಿ ಆಯಿಲ್ ಹಾಕಿ 15,000 ಎಳೆಯೋದಕ್ಕಿಂತ ಇದು ಎಷ್ಟೋ ವಾಸಿ.

ಭಾನುವಾರ ಬೆಳಗ್ಗೆ ಗಾಡಿ ಸಮನಾದ ಜಾಗದಲ್ಲಿ ನಿಲ್ಸಿ ಡಿಪ್‌ಸ್ಟಿಕ್ ತೆಗೀರಿ, ಕೆಲವು ಬಿಎಂಡಬ್ಲ್ಯೂಗಳಲ್ಲಿ ಅದೂ ಇಲ್ಲ, ಅವ್ರಿಗೆ ಸ್ಕ್ರೀನೇ ಗತಿ. ಹೋದ ಸಲಕ್ಕಿಂತ ಲೆವೆಲ್ ಇಳಿದಿದ್ರೆ ಟಾಪ್ ಅಪ್ ಮಾಡಿ. ಏರಿದ್ದು, ಮೂಗಿಗೆ ಹಿಡಿದ್ರೆ ಪೆಟ್ರೋಲ್ ವಾಸನೆ ಬಂತೋ, ಗ್ರೇಡ್ ಬಗ್ಗೆ ಯೋಚ್ನೆ ಆಮೇಲೆ, ಮೊದ್ಲು ಡ್ರೈನ್ ಮಾಡ್ಸಿ.