ಡಬಲ್ ಬಾಸ್‌ಗೆ ವೇದಿಕೆ ಮೇಲೆ ರಿಬ್ಬನ್ ಮೈಕ್ ಇಡಬಹುದಾ?

ನಮಸ್ಕಾರ. ಡಬಲ್ ಬಾಸ್ ಅಂದರೆ ನಿಲ್ಲಿಸಿಕೊಂಡು ನುಡಿಸುವ, ಆಳೆತ್ತರದ ಪಿಟೀಲಿನಂಥ ವಾದ್ಯ. ಅದರ ಬಗ್ಗೆ ನಿಮ್ಮಲ್ಲೊಬ್ಬರು ಕೇಳಿದ್ದರು: "ಸ್ಟುಡಿಯೋದಲ್ಲಿ ಡಬಲ್ ಬಾಸ್‌ಗೆ ರಿಬ್ಬನ್ ಮೈಕ್ ಇಡ್ತಾರೆ. ಲೈವ್‌ನಲ್ಲಿ ಯಾಕೆ ಇಡಲ್ಲ?"

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಮೈಕ್ ಹಾಳಾಗುತ್ತದೆ, ಫೀಡ್‌ಬ್ಯಾಕ್ (ಸ್ಪೀಕರ್ ಸದ್ದು ಮತ್ತೆ ಮೈಕಿಗೆ ಹೋಗಿ ಕೂಗುವುದು) ಬರುತ್ತದೆ, ವಾದ್ಯಕ್ಕೆ ಸಿಕ್ಕಿಸುವ ಪಿಕಪ್ ಸಾಕು. ನಾನು ಇದನ್ನು ಒಪ್ಪುವುದಿಲ್ಲ.

ಪಿಕಪ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿಗೆ, ಅಂದರೆ ಬ್ರಿಡ್ಜ್‌ಗೆ ಸಿಕ್ಕಿಸುವ ಪೀಜೋ ಪಿಕಪ್ (ಅದುರುವುದನ್ನು ವಿದ್ಯುತ್ ಆಗಿಸುವ ಪುಟ್ಟ ಸಾಧನ), ಮರ ಅದುರುವುದನ್ನು ಮಾತ್ರ ಹಿಡಿಯುತ್ತದೆ. ಅಷ್ಟು ದೊಡ್ಡ ಹೊಟ್ಟೆಯಿಂದ ಹೊರಬರುವ ಸದ್ದು ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಬೆರಳಿನ 'ಟಕ್' ಜಾಸ್ತಿ, ತುಂಬುದನಿ ಕಡಿಮೆ.

ರಿಬ್ಬನ್ ಮೈಕ್‌ನಲ್ಲಿ ಅಯಸ್ಕಾಂತದ ಎರಡು ತುದಿಗಳ ನಡುವೆ ಒಂದು ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ದಪ್ಪ ಸುಮಾರು 2 ಮೈಕ್ರಾನ್. ತಲೆಗೂದಲು ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ಸದ್ದಿಗೆ ಪಟ್ಟಿ ಅಲುಗಿದಾಗ ಅದರಲ್ಲೇ ವಿದ್ಯುತ್ ಹುಟ್ಟುತ್ತದೆ. ಅಷ್ಟೇ.

ಈಗ ನನಗೆ ತುಂಬಾ ಇಷ್ಟವಾದ ಭಾಗ.

[ಹತ್ತಿರದ ಶಾಟ್: ಮೈಕ್, ಕೈಯಲ್ಲಿ ಕೀಲಿಗೊಂಚಲು]

ಮೈಕಿನ ಮುಂದೆ ಕೀಲಿ ಅಲ್ಲಾಡಿಸುತ್ತೇನೆ. ಝಣ್ ಝಣ್ ಅಂತ ಕೇಳುತ್ತಿದೆ ಅಲ್ವಾ? ನಿಧಾನಕ್ಕೆ ಪಕ್ಕಕ್ಕೆ ಬರುತ್ತೇನೆ. ಸದ್ದು ಹೆಚ್ಚುಕಮ್ಮಿ ಮಾಯ. ಹಿಂದಕ್ಕೆ ಹೋದೆ, ಮತ್ತೆ ಬಂತು.

ಯಾಕೆ ಹೀಗೆ? ಒಂದು ಬಾಗಿಲನ್ನು ಎರಡೂ ಕಡೆಯಿಂದ ಇಬ್ಬರು ಒಂದೇ ಸಮ ತಳ್ಳಿದರೆ ಅದು ಅಲುಗುತ್ತದಾ? ಇಲ್ಲ. ಪಕ್ಕದಿಂದ ಬಂದ ಸದ್ದು ಪಟ್ಟಿಯ ಎರಡೂ ಮುಖವನ್ನು ಒಂದೇ ಹೊತ್ತಿಗೆ, ಒಂದೇ ಬಲದಲ್ಲಿ ತಳ್ಳುತ್ತದೆ. ಪಟ್ಟಿ ಇದ್ದಲ್ಲೇ ಇರುತ್ತದೆ.

ಈಗ ಕೀಲಿಯನ್ನು ಮೈಕಿನ ಮೇಲಕ್ಕೆ ಎತ್ತುತ್ತೇನೆ. ಸದ್ದಿಲ್ಲ! ಕೆಳಗೆ ತರುತ್ತೇನೆ. ಅಲ್ಲೂ ಇಲ್ಲ! ಅಂದರೆ ಈ ಮೈಕ್ ಕಿವುಡಾಗಿರುವುದು ಎಡಕ್ಕೆ, ಬಲಕ್ಕೆ ಮಾತ್ರ ಅಲ್ಲ. ಮೈಕಿನ ಮುಂಭಾಗ, ಹಿಂಭಾಗ ಬೇರೆಯಾಗುವಂತೆ ಅದನ್ನು ಮಧ್ಯಕ್ಕೆ ಸೀಳಿಕೊಂಡು ಒಂದು ಗಾಜಿನ ಗೋಡೆ ನಿಂತಿದೆ ಅಂದುಕೊಳ್ಳಿ. ಆ ಗೋಡೆಗೆ ಅಂಟಿಕೊಂಡಂತಿರುವ ಯಾವುದೂ ಅದಕ್ಕೆ ಕೇಳುವುದಿಲ್ಲ. ಮೈಕನ್ನು ವಾಲಿಸಿದರೆ ಗೋಡೆಯೂ ವಾಲುತ್ತದೆ. ಮೊದಲ ಸಲ ಇದನ್ನು ಮಾಡಿ ನೋಡಿದಾಗ ಅರ್ಧ ಗಂಟೆ ಸುಮ್ನೆ ಕೀಲಿ ಆಡಿಸುತ್ತಾ ಕೂತಿದ್ದೆ.

ವೇದಿಕೆ ಮೇಲೆ ಇದು ಬಂಗಾರ. ನೆಲದ ಮೇಲಿನ ಮಾನಿಟರ್ (ನುಡಿಸುವವರಿಗೆ ತಮ್ಮ ಸದ್ದು ಕೇಳಿಸುವ ಸ್ಪೀಕರ್) ಅನ್ನು ಬಾಸಿನ ಎದುರಿಗಿಟ್ಟರೆ ಅದರ ಸದ್ದು ನೇರ ಮೈಕಿನ ಬೆನ್ನಿಗೆ ಬೀಳುತ್ತದೆ. ಅಲ್ಲೇ ಕೆಲಸ ಕೆಡುವುದು. ಮಾನಿಟರನ್ನು ಪಕ್ಕಕ್ಕೆ ಸರಿಸಿ. ಆಮೇಲೆ ಪಟ್ಟಿಯ ಅಂಚು ಅದರ ಕಡೆ ನೋಡುವ ತನಕ ಮೈಕನ್ನು ವಾಲಿಸಿ. ಡ್ರಮ್ಸ್ ಇನ್ನೊಂದು ಪಕ್ಕಕ್ಕೆ ಬಂದರೆ ಇನ್ನೂ ಒಳ್ಳೆಯದು. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಮಾಮೂಲಿ ಕಾರ್ಡಿಯಾಯ್ಡ್ ಮೈಕ್‌ಗಳು, ಬೇಡದ ದಿಕ್ಕಿನ ಸದ್ದನ್ನು ತಡೆಯುವ ಹಿಡಿತವನ್ನು ಕೆಳಗಿನ ಸ್ವರಗಳಲ್ಲಿ ಕಳೆದುಕೊಳ್ಳುತ್ತವೆ. ರಿಬ್ಬನ್ ಅಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ.

ಹಾಗಂತ ಎಲ್ಲವನ್ನೂ ಮೈಕ್ ಮೇಲೆ ಹೊರಿಸಬೇಡಿ. ಬಾಸಿನ ಅತಿ ಕೆಳಗಿನ ಸ್ವರದ ಇ ತಂತಿ ಸುಮಾರು 41 ಹರ್ಟ್ಸ್. ಆ ಅಲೆಯ ಉದ್ದ 8 ಮೀಟರ್‌ಗಿಂತ ಜಾಸ್ತಿ. ಅಂಥ ಸದ್ದು ಸ್ಪೀಕರ್‌ನಿಂದ ಹೊರಟು ಗೋಡೆಗೆ ಬಡಿದು ಎಲ್ಲ ಕಡೆಯಿಂದ ವಾಪಸ್ ಬರುತ್ತದೆ. ಬಾಸಿನ ಮೈಯನ್ನೇ ಅದುರಿಸುತ್ತದೆ. ಅದಕ್ಕೆ ತಳದ ಸದ್ದನ್ನು ಪಿಕಪ್‌ಗೆ ಬಿಡಿ, ಅದರ ಮೇಲಿನದನ್ನು ರಿಬ್ಬನ್‌ನಿಂದ ತೆಗೆದುಕೊಳ್ಳಿ. ನಾನು ಮೈಕ್‌ನ ಹೈ-ಪಾಸ್ ಫಿಲ್ಟರನ್ನು (ಇಟ್ಟ ಮಟ್ಟಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವುದು) 120 ಹರ್ಟ್ಸ್ ಹತ್ತಿರ ಇಟ್ಟು ಶುರು ಮಾಡುತ್ತೇನೆ.

ಸಮಯ ಆಗುತ್ತಾ ಬಂತು, ಉಳಿದದ್ದು ಒಟ್ಟಿಗೆ ಹೇಳುತ್ತೇನೆ. ಬ್ರಿಡ್ಜ್‌ನಿಂದ 20–30 ಸೆಂಟಿಮೀಟರ್ ದೂರ ಸಾಕು. ತೀರಾ ಹತ್ತಿರ ಇಟ್ಟರೆ ತಳದ ಸದ್ದು ಉಬ್ಬುತ್ತದೆ. ಪಿಕಪ್ ಜೊತೆ ಬೆರೆಸುವಾಗ ಫೇಸ್ ಬಟನ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ಗುಂಡಿ) ಒತ್ತಿ ನೋಡಿ, ಯಾವುದರಲ್ಲಿ ದನಿ ತುಂಬಿಕೊಳ್ಳುತ್ತದೋ ಅದೇ ಸರಿ. ಮೈಕಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪ್ರೀಆಂಪ್‌ನಲ್ಲಿ 60 ಡೆಸಿಬೆಲ್‌ಗೂ ಹೆಚ್ಚು ಗೇನ್ (ಹಿಗ್ಗಿಸುವ ಪ್ರಮಾಣ) ಬೇಕಾಗಬಹುದು. ಮಾಮೂಲಿ ರಿಬ್ಬನ್ ಆದರೆ ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಮೈಕಿಗೆ ಹೋಗುವ ವಿದ್ಯುತ್) ಆಫ್ ಇರಲಿ, ಕೇಬಲ್‌ನಲ್ಲಿ ದೋಷವಿದ್ದರೆ ಪಟ್ಟಿಗೇ ಪೆಟ್ಟು. ಬಯಲಲ್ಲಿ, ಗಾಳಿಯಲ್ಲಿ ಇದನ್ನು ಇಡಲೇಬೇಡಿ. ಮೈಕ್ ಚೆಕ್ ಮಾಡುವವರು ಅದರೊಳಗೆ ಊದದಂತೆ ಮೊದಲೇ ಹೇಳಿಡಿ.

[ಬಾಸ್ ಎದುರು ಮೈಕ್, ಆಡಿಯೋ ಹೋಲಿಕೆ]

ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲು ಪಿಕಪ್ ಒಂದೇ, ನಾಲ್ಕನೇ ಸ್ವರದಿಂದ ರಿಬ್ಬನ್ ಸೇರುತ್ತದೆ. ತಂತಿ ಬಿಟ್ಟ ಮೇಲೆ ಉಳಿಯುವ ಮರದ ಗುಂಗನ್ನು ಕೇಳಿ.