ಅಂಕೋರ್‌ನಲ್ಲಿ ಚಿರೆಕಲ್ಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮಪ್ಪ ಚಿರೆಕಲ್ಲು, ಅಂದರೆ ನಮ್ಮ ಕರಾವಳಿಯ ತೂತು ತೂತಿನ ಕೆಂಪು ಕಲ್ಲು, ಕಡಿಯುತ್ತಿದ್ದವರು. ಕುಮಟಾ ತಾಲೂಕಿನಲ್ಲಿ, ಮಿರ್ಜಾನ ಕೋಟೆಯಿಂದ ಸ್ವಲ್ಪ ಒಳಗೆ ನಮ್ಮೂರು. ನಾನು ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದೆ. ತಮ್ಮ ಅಪ್ಪನ ದಾರಿ ಹಿಡಿದ, ಈಗ ಮೇಸ್ತ್ರಿ. ಚಿಕ್ಕವರಿದ್ದಾಗ ಅಪ್ಪನಿಗೆ ಗಂಜಿ ಒಯ್ಯುವುದು ನಮ್ಮಿಬ್ಬರ ಕೆಲಸ. ನೆಲದಲ್ಲಿದ್ದಾಗ ಈ ಕಲ್ಲು ಮೆತ್ತಗೆ, ಪಿಕಾಸಿ ಹಾಕಿದರೆ ಬಿಡುತ್ತದೆ. ತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತ ಹೋಗುತ್ತದೆ. ಸಿಂಬೆ ಇಟ್ಟು ತಲೆ ಮೇಲೆ ಹೊರುತ್ತಿದ್ದರು. ಗೋಡೆ ಕಟ್ಟುವಾಗ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಸಂದಿನ ಮೇಲೆ ಸಂದು ಬರಬಾರದು." ಕೆಳಗಿನ ಸಾಲಿನ ಎರಡು ಕಲ್ಲು ಸೇರುವ ಕಡೆ, ಮೇಲಿನ ಕಲ್ಲಿನ ಹೊಟ್ಟೆ ಬರಬೇಕು. ಇಲ್ಲದಿದ್ದರೆ ಗೋಡೆ ಮೇಲಿಂದ ಕೆಳಗಿನವರೆಗೆ ಸೀಳುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕಳೆದ ಚಳಿಗಾಲದಲ್ಲಿ ನಾವು ಕಾಂಬೋಡಿಯಾಕ್ಕೆ ಹೋಗಿದ್ದೆವು. ಅಂಕೋರ್ ವಾಟ್ ನೋಡಲು.

ಬೆಳಗಿನ ಜಾವ ಎಲ್ಲರನ್ನೂ ಎಬ್ಬಿಸಿ, ದೇವಸ್ಥಾನದ ಮುಂದೆ ಎಡಗಡೆಯ ಕೊಳದ ದಂಡೆಗೆ ನಿಲ್ಲಿಸಿದರು. ನೀರಲ್ಲಿ ಗೋಪುರದ ನೆರಳು, ಹಿಂದೆ ಸೂರ್ಯ. ನಮ್ಮ ಕಣ್ಣಿಗೆ ಕಂಡದ್ದು ಎತ್ತಿ ಹಿಡಿದ ಮೊಬೈಲುಗಳು, ಆಮೇಲೆ ಮೋಡ. ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಎದುರಿನಿಂದ ನೋಡಿದರೆ ಕಪ್ಪು ಆಕಾರ ಅಷ್ಟೇ. ಕೆತ್ತನೆ ನೋಡುವ ಆಸೆ ಇದ್ದವರು ಮಧ್ಯಾಹ್ನದ ಮೇಲೆ ಎದುರಿನಿಂದ ಹೋಗಿ. ಬೆಳಿಗ್ಗೆಯೇ ಹೋಗಬೇಕೆಂದರೆ ಪೂರ್ವದ ಬಾಗಿಲಿದೆ, ಮಣ್ಣಿನ ದಾರಿ, ಜನ ಕಡಿಮೆ. ನಮಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ ನೋಡಿ.

ಕಂದಕ ಅಂದರೆ ನನಗೆ ಗೊತ್ತಿದ್ದದ್ದು ಮಿರ್ಜಾನ ಕೋಟೆಯದು. ಇಲ್ಲಿಯದು 190 ಮೀಟರ್ ಅಗಲ! ದಾಟಲು ದೋಣಿಯೇ ಬೇಕಲ್ಲ ಅಂದುಕೊಂಡು ದಂಡೆಯ ಮೆಟ್ಟಿಲು ನೋಡಿದೆ. ಕೆಂಪು ಕಂದು ಬಣ್ಣ, ಮೈತುಂಬ ತೂತು. ಚಪ್ಪಲಿ ಬಿಟ್ಟು ಕಾಲಿಟ್ಟೆ. ಅಂಗಾಲಿಗೇ ಗೊತ್ತಾಯಿತು. ಚಿರೆಕಲ್ಲು!

ಗೈಡ್ ಹುಡುಗ ನಕ್ಕ. ಅವರ ಖ್ಮೇರ್ ಭಾಷೆಯಲ್ಲಿ ಇದಕ್ಕೆ 'ಒಣಗಿದ ಅನ್ನ' ಎನ್ನುವ ಅರ್ಥದ ಹೆಸರಂತೆ. ಪಾತ್ರೆಯ ತಳಕ್ಕೆ ಹಿಡಿದು ಒಣಗಿದ ಅನ್ನವನ್ನು ಕೆರೆದು ತೆಗೆದು ನೋಡಿ, ಥೇಟ್ ಹಾಗೇ ಇದೆ. ಪುಸ್ತಕದ ಕನ್ನಡದಲ್ಲಿ ನಾವು ಜಂಬಿಟ್ಟಿಗೆ ಎನ್ನುತ್ತೇವೆ, ಅದರಲ್ಲಿ ಇಟ್ಟಿಗೆ ಇದೆ. 1800ರ ಹೊತ್ತಿಗೆ ನಮ್ಮ ಕರಾವಳಿಯಲ್ಲೂ ಓಡಾಡಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಕೇರಳದಲ್ಲಿ ನೋಡಿ, 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ 'ಲೇಟರ್' ಅಂದರೂ ಇಟ್ಟಿಗೆಯೇ.

ಈ ದೇವಸ್ಥಾನ ಕಟ್ಟಿಸಿದವನು ಖ್ಮೇರ್ ರಾಜ ಎರಡನೇ ಸೂರ್ಯವರ್ಮ, 12ನೇ ಶತಮಾನದಲ್ಲಿ, ವಿಷ್ಣುವಿಗೆ. ಫೋಟೋದಲ್ಲಿ ಕಾಣುವುದು ಮರಳುಗಲ್ಲು. ಅದು ಕುಲೆನ್ ಬೆಟ್ಟದ ಕಡೆಯಿಂದ ಬಂದದ್ದು, ಕೆತ್ತನೆಗೆ ಒಗ್ಗುತ್ತದೆ. ಒಳಗಿನ ಹೊಟ್ಟೆ, ಹೊರಗಿನ ಆವರಣದ ಗೋಡೆ ಚಿರೆಕಲ್ಲಿನದು. ಆ ಗೋಡೆ ಒಂದು ಕಡೆ 1024 ಮೀಟರ್, ಇನ್ನೊಂದು ಕಡೆ 802 ಮೀಟರ್. ನಾಲ್ಕೂವರೆ ಮೀಟರ್ ಎತ್ತರ. ಅದರ ಪಕ್ಕ ಒಬ್ಬಳೇ ಅರ್ಧ ಗಂಟೆ ನಡೆದೆ. ಒಬ್ಬ ಪ್ರವಾಸಿಯೂ ಎದುರು ಬರಲಿಲ್ಲ. ಮರಳುಗಲ್ಲಿನ ಮೈಮೇಲೆ ಬೆರಳು ಹೋಗುವಷ್ಟು ಗುಂಡಗಿನ ತೂತುಗಳಿವೆ. ಕಲ್ಲೆತ್ತಲು ಗೂಟ ಹೊಡೆದ ಗುರುತು ಅನ್ನುತ್ತಾರೆ.

ಒಳಗೆ ಪೂರ್ವದ ಮೊಗಸಾಲೆಯಲ್ಲಿ ಸಮುದ್ರ ಮಥನದ ಕೆತ್ತನೆ ಇದೆ, ಸುಮಾರು 49 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಆಮೆ. ಗೈಡ್ ಕತೆ ಶುರು ಮಾಡುವುದರೊಳಗೆ ನಮ್ಮ ಗುಂಪಿನವರೇ ಮುಗಿಸಿಬಿಟ್ಟಿದ್ದರು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಆ ಕತೆ ಹೇಳಬೇಕಾ?

ಮೇಲಿನ ಅಂತಸ್ತಿಗೆ ಕಡಿದಾದ ಮೆಟ್ಟಿಲು. ಭುಜ, ಮಂಡಿ ಮುಚ್ಚಿರಬೇಕು. ನಮ್ಮ ಮನೆಯವರು ಬರ್ಮುಡಾ ಹಾಕಿಕೊಂಡು ಬಂದಿದ್ದರು, ಕೆಳಗೇ ಉಳಿದರು. ನಾನು ಇಳಿದು ಬರುವಷ್ಟರಲ್ಲಿ ಚಕ್ಕುಲಿ ಡಬ್ಬಿ ಖಾಲಿ. "ಕೆಂಪು ಕಲ್ಲು ನೋಡೋಕೆ ಇಲ್ಲಿ ತನಕ ಬರಬೇಕಿತ್ತಾ? ಮಿರ್ಜಾನಿಗೆ ನಿಂಗೆ ಬಸ್ಸೂ ಫ್ರೀ" ಅಂದರು. ಇಲ್ಲಿ ಮೂರು ದಿನದ ಪಾಸಿಗೇ ತಲೆಗೆ 62 ಡಾಲರ್ ಕೊಟ್ಟಿದ್ದರಲ್ಲ, ಆ ಸಿಟ್ಟು.

ಹಾಗೆ ನೋಡಿದರೆ ಈಜಿಪ್ಟಿಗೆ ಹೋದಾಗಲೂ ಇದೇ ಕತೆ. ಗೀಜಾದ ದೊಡ್ಡ ಪಿರಮಿಡ್ ಹತ್ತಿರ ಹೋದರೆ ನುಣುಪಾಗಿಲ್ಲ, ಮೆಟ್ಟಿಲು ಮೆಟ್ಟಿಲು. ಹೊರಗಿನ ನಯವಾದ ಬಿಳಿ ಸುಣ್ಣದ ಕಲ್ಲನ್ನು ಕೈರೋದಲ್ಲಿ ಕಟ್ಟಡ ಕಟ್ಟಲು ಕಿತ್ತು ಒಯ್ದಿದ್ದಾರೆ. ಮೊದಲು 146 ಮೀಟರ್ ಇದ್ದದ್ದು ಈಗ 138ರ ಆಸುಪಾಸು. ಪಕ್ಕದ ಖಾಫ್ರೆಯ ಪಿರಮಿಡ್‌ನ ತುದಿಯಲ್ಲಿ ಮಾತ್ರ ಆ ಹೊದಿಕೆ ಟೊಪ್ಪಿಗೆಯ ಹಾಗೆ ಉಳಿದಿದೆ. ಜನ ಒಂಟೆ ಸವಾರಿಯ ರೇಟು ಚೌಕಾಸಿ ಮಾಡುತ್ತಿದ್ದರು, ನಾನು ಕಲ್ಲಿನ ಸಂದು ನೋಡುತ್ತಿದ್ದೆ. ಚಟ ಅನ್ನಿ.

ಊರಿಗೆ ಬಂದ ಮೇಲೆ ತಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಗೋಪುರ ಬಂತು, ಹೂಂ ಅಂದ. ಸಮುದ್ರ ಮಥನ ಬಂತು, ಚಂದ ಇದೆ ಅಂದ. ಒಂದು ಹಳೆ ಗೋಡೆಯ ಫೋಟೋ ಬಂತು ನೋಡಿ, ಮೊಬೈಲನ್ನೇ ಕೈಯಿಂದ ಕಸಿದುಕೊಂಡ. ಎರಡು ಬೆರಳಿಂದ ದೊಡ್ಡದು ಮಾಡಿ, ಕಣ್ಣು ಕಿರಿದು ಮಾಡಿ ನೋಡಿದ.

"ಅಕ್ಕಾ, ಇದನ್ನ ಕಟ್ಟಿದ ಮೇಸ್ತ್ರಿ ಯಾರು?"

"ಒಂಬೈನೂರು ವರ್ಷದ ಹಿಂದಿನದೋ, ನಂಗೇನು ಗೊತ್ತು" ಅಂದೆ.

"ಸಂದಿನ ಮೇಲೆ ಸಂದು ಇಟ್ಟಿದ್ದಾನೆ ನೋಡು. ಒಂದಲ್ಲ, ನಾಲ್ಕು ಸಾಲು!"

ಅವನು ಹೇಳಿದ್ದು ಸುಳ್ಳಲ್ಲ. ಅಂಕೋರ್‌ನ ಎಷ್ಟೋ ಗೋಡೆಗಳಲ್ಲಿ ಸಂದುಗಳು ಒಂದರ ಮೇಲೊಂದು ಬಂದಿವೆ. ಅಲ್ಲಿನ ಕಟ್ಟಡಗಳು ಕುಸಿಯಲು ಇದೂ ಒಂದು ಕಾರಣ ಎಂದು ತಿಳಿದವರು ಬರೆದಿದ್ದಾರೆ. ಅವನು ಅದನ್ನೆಲ್ಲ ಓದಿಲ್ಲ. ಮೊಬೈಲ್ ವಾಪಸ್ ಕೊಟ್ಟು, ಒಳಗೆ ಹೆಂಡತಿಗೆ ಕೂಗಿ ಹೇಳಿದ: "ಚಾ ಇಡೇ. ಅಕ್ಕ ಎಲ್ಲೆಲ್ಲೋ ಹೋಗಿ ಹಾಳು ಗೋಡೆ ನೋಡಿಕೊಂಡು ಬಂದಿದ್ದಾಳೆ."

ನಮಸ್ಕಾರ.