ಅಟ್ಟಕ್ಕೊಂದು ಕಂಬಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಳಿಗಾಲ. ಹಗಲೂ ರಾತ್ರಿ ಹೀಟರ್ ಹಾಕಿಯೇ ಇರುತ್ತೇವೆ. ಆದರೂ ಪಾದ ತಣ್ಣಗೇ ಇರುತ್ತದೆ, ಬಿಲ್ ಮಾತ್ರ ಏರುತ್ತಲೇ ಹೋಗುತ್ತದೆ. ಆಗ ಎಲ್ಲರೂ ಬೈಯುವುದು ಹೀಟರನ್ನು. ಅದನ್ನು ಬದಲಿಸುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿ.

ಬಿಸಿ ಗಾಳಿ ಹಗುರ, ಮೇಲಕ್ಕೇ ಹೋಗುತ್ತದೆ. ಅಲ್ಲಿ ಬರೀ ತೆಳು ಸೀಲಿಂಗ್ ಇದ್ದರೆ ನೀವು ದುಡ್ಡು ಕೊಟ್ಟು ಕಾಯಿಸಿದ್ದು ಛಾವಣಿ ದಾಟಿ ಹೋಯಿತು ಅಂತಲೇ ಲೆಕ್ಕ. ಹಿಮ ಬೀಳುವ ಕಡೆ ಇದು ಕಣ್ಣಿಗೇ ಕಾಣುತ್ತದೆ. ಸಾಲುಮನೆಗಳಲ್ಲಿ ಒಂದರ ಮೇಲಿನ ಹಿಮ ಮಾತ್ರ ಬೇಗ ಕರಗಿರುತ್ತದೆ. ಆ ಮನೆಯ ಕಾವು ಸೋರುತ್ತಿರುತ್ತದೆ.

ಅಟ್ಟಕ್ಕೆ ಹೊದಿಸುವ ಗ್ಲಾಸ್ ವೂಲ್, ಅಂದರೆ ಗಾಜಿನ ಸಣ್ಣ ಎಳೆಗಳಿಂದ ಮಾಡಿದ ಉಣ್ಣೆಯಂಥ ಹೊದಿಕೆ, ತನ್ನ ಎಳೆಗಳ ನಡುವೆ ಗಾಳಿಯನ್ನು ಅಲ್ಲಾಡದ ಹಾಗೆ ಹಿಡಿದಿಡುತ್ತದೆ. ನಿಂತ ಗಾಳಿ ಕಾವನ್ನು ಸುಲಭಕ್ಕೆ ದಾಟಗೊಡುವುದಿಲ್ಲ. ಕಂಬಳಿಯೂ ಹಾಗೇ ಅಲ್ವಾ? ಅದಕ್ಕೇ 20 ಸೆಂಟಿಮೀಟರ್ ದಪ್ಪದ ಸುರುಳಿಯನ್ನು 10 ಸೆಂಟಿಮೀಟರ್ ಜಾಗಕ್ಕೆ ತುರುಕಬಾರದು. ಒದ್ದೆಯಾದರೂ ಅದು ಕೆಲಸಕ್ಕೆ ಬಾರದು.

ಆದರೆ ವೂಲ್ ತರುವ ಮೊದಲು ತೂತು ಮುಚ್ಚಿ. ಇದನ್ನು ಒತ್ತಿ ಹೇಳುತ್ತೇನೆ, ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ಚಳಿ ಜೋರಾಗಿರುವ ದಿನ ಒಂದು ಊದುಬತ್ತಿ ಹಚ್ಚಿ, ಅಟ್ಟದ ಬಾಗಿಲಿನ ಅಂಚಿಗೆ ಹಿಡಿಯಿರಿ. ಹೊಗೆ ಬಾಗಿ ಸಂದಿಯೊಳಗೆ ನುಗ್ಗಿತು ಅನ್ನಿ, ನಿಮ್ಮ ಬಿಸಿ ಗಾಳಿಯ ದಾರಿ ಸಿಕ್ಕಿತು. ಪೈಪ್ ಹಾಯುವ ತೂತು, ವೈರ್ ಇಳಿಯುವ ಜಾಗ, ಗೋಡೆಯ ನೆತ್ತಿ, ಎಲ್ಲ ನೋಡಿ. ಗ್ಲಾಸ್ ವೂಲ್ ಒಂದೇ ಈ ಗಾಳಿಯನ್ನು ತಡೆಯುವುದಿಲ್ಲ, ಸುಮ್ನೆ ಸೋಸುತ್ತದೆ. ಹಳೇ ವೂಲನ್ನು ಎತ್ತಿದಾಗ ಅಲ್ಲಲ್ಲಿ ಕಪ್ಪು ಕಲೆ ಕಾಣುತ್ತದಲ್ಲ, ಅದು ವರ್ಷಗಟ್ಟಲೆ ಸೋರಿದ ಗಾಳಿ ಬಿಟ್ಟುಹೋದ ಧೂಳು. ಕಲೆ ಇದ್ದಲ್ಲಿ ಕೆಳಗೆ ತೂತಿದೆ. ಸಣ್ಣ ಸಂದಿಗೆ ಸೀಲೆಂಟ್, ಅಂದರೆ ಸಂದಿ ಮುಚ್ಚುವ ಅಂಟು, ಸಾಕು. ಹೊಗೆ ಕೊಳವೆಯ ಸುತ್ತ ಮಾತ್ರ ಬೆಂಕಿ ತಾಳುವ ಸಾಮಾನನ್ನೇ ಬಳಸಿ.

ಆಮೇಲೆ ಹಾಸುವುದು. ಮೊದಲ ಪದರ ತೊಲೆಗಳ ನಡುವೆ, ಎರಡನೆಯದು ತೊಲೆಗಳಿಗೆ ಅಡ್ಡಲಾಗಿ. ಯಾಕೆಂದರೆ ಮರ ಗ್ಲಾಸ್ ವೂಲಿಗಿಂತ ಸುಮಾರು 3 ಪಟ್ಟು ಕಾವು ದಾಟಿಸುತ್ತದೆ, ಅದನ್ನೂ ಮುಚ್ಚಬೇಕು. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಕಾಲಿಡುವುದು ತೊಲೆಯ ಮೇಲೆ ಮಾತ್ರ.

ಒಂದು ಎಚ್ಚರಿಕೆ. ಸೂರಿನಂಚಿನ ಗಾಳಿಕಿಂಡಿಗಳಿಗೆ ವೂಲ್ ತುರುಕಬೇಡಿ. ಕೆಳಗಿನ ಸೀಲಿಂಗ್ ಬಿಗಿಯಾಗಿರಬೇಕು, ಮೇಲಿನ ಅಟ್ಟ ಉಸಿರಾಡಬೇಕು. ಇಲ್ಲದಿದ್ದರೆ ಮನೆಯ ತೇವ ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ, ಮರ ಕೊಳೆಯುತ್ತದೆ. ಇನ್ನೊಂದು ಮಾತು, ಈಗ ಅಟ್ಟ ಮೊದಲಿಗಿಂತ ತಣ್ಣಗಾಗುತ್ತದೆ. ಅಲ್ಲಿರುವ ನೀರಿನ ಪೈಪುಗಳಿಗೂ ಹೊದಿಕೆ ಸುತ್ತಿ, ಹೆಪ್ಪುಗಟ್ಟಿ ಒಡೆದಾವು.

ಕೊನೆಗೆ ಅಟ್ಟದ ಬಾಗಿಲು. ಅದರ ಬೆನ್ನಿಗೂ ಒಂದು ತುಂಡು ಹೊದಿಕೆ ಅಂಟಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿ. ಮುಚ್ಚಿ ಇಳಿದ ಮೇಲೆ ಕೆಳಗೆ ನಿಂತು ಊದುಬತ್ತಿಯನ್ನು ಇನ್ನೊಮ್ಮೆ ಹಿಡಿದು ನೋಡಿ.

ನಮಸ್ಕಾರ.